ಚನಿಯನ ಎಲೆ

ಸೊಸೆ ಪ್ರಣೀತಾ ಶಾಲೆಯಿಂದ ಬಂದು, ಬ್ಯಾಗು ಇಳಿಸಿ, ನೇರ ಹೋಗಿ ನನ್ನ ಅತ್ತೆಯ ಕಾಲು ಒತ್ತಲು ಕೂತಾಗಲೇ ನನಗೆ ಸಂಶಯ ಬಂತು. ಮದುವೆಯಾಗಿ ಬಂದು ಇಷ್ಟು ವರ್ಷವಾಯಿತು, ಅವಳು ನನ್ನ ಕಾಲು ಒತ್ತಿದವಳಲ್ಲ. ಒತ್ತು ಎಂದು ನಾನು ಹೇಳಿದವಳೂ ಅಲ್ಲ, ಆ ಮಾತು ಬೇರೆ. ಆದರೆ ಈಗ ದಿನಾ ಸಂಜೆ ಅದೇ ಕೆಲಸ. ಅತ್ತೆ ದುಗ್ಗಮ್ಮನಿಗೆ ಎಂಬತ್ತೈದು ದಾಟಿದೆ. ಕಿವಿ ಮಂದ, ನೆನಪು ಮಾತ್ರ ಗಟ್ಟಿ. ಅವರ ಮಂಚದ ಒಂದು ಬದಿಗೆ ಪ್ರಣೀತಾ, ಇನ್ನೊಂದು ಬದಿಗೆ ಮೊಮ್ಮಗಳು ತೃಷಾ, ನಡುವೆ ಹಾಸಿಗೆಯ ಮೇಲೆ ಕವುಚಿ ಇಟ್ಟ ಮೊಬೈಲು. ನಾನು ಅಡಿಗೆಮನೆಯಿಂದ ಈಚೆ ಕಾಲಿಟ್ಟರೆ ಮಾತು ನಿಲ್ಲುತ್ತದೆ. ಕಿವಿ ಕೇಳದ ಮುದುಕಿಯ ಹತ್ತಿರ ಯಾರಾದರೂ ಪಿಸುಗುಟ್ಟುತ್ತಾರಾ?

ಅತ್ತೆಯ ಹೆಸರಿನಲ್ಲಿ ಒಂದಿಷ್ಟು ಜಾಗ ಉಂಟು, ಕೈಯಲ್ಲಿ ನಾಲ್ಕು ಬಳೆ ಉಂಟು. ನನ್ನ ತಲೆ ಮೊದಲು ಓಡಿದ್ದು ಅಲ್ಲಿಗೇ. ಸುಳ್ಳು ಯಾಕೆ ಹೇಳಲಿ. ಒಂದು ಸಂಜೆ ತೆಂಗಿನಕಾಯಿ ಹೆರೆಯುವುದನ್ನು ಅರ್ಧಕ್ಕೆ ಬಿಟ್ಟು ಬಾಗಿಲಲ್ಲಿ ನಿಂತೆ.

"ಎಂತ ಅಷ್ಟು ಗುಟ್ಟಿನ ಮಾತು?"

"ಗುಟ್ಟು ಎಂತ ಇಲ್ಲ ಅತ್ತೆ. ಶಾಲೆಯ ಕೆಲಸ," ಎಂದಳು ಪ್ರಣೀತಾ.

"ಶಾಲೆಯ ಕೆಲಸಕ್ಕೆ ಅಜ್ಜಿಯ ಕಾಲು ಎಂತಕ್ಕೆ?"

ತೃಷಾ ನಕ್ಕಳು. ಪ್ರಣೀತಾ ನಗಲಿಲ್ಲ. ಇಲ್ಲೇ ಕಾಣಿಯೂರಿನ ಹತ್ತಿರದ ಹೈಸ್ಕೂಲಿನಲ್ಲಿ ಅವಳು ಸಮಾಜ ಪಾಠದ ಟೀಚರು. ತೃಷಾ ಅದೇ ಶಾಲೆಯಲ್ಲಿ ಒಂಬತ್ತನೇ ಕ್ಲಾಸು. ಬೇಸಿಗೆ ರಜೆಯಲ್ಲಿ ಪ್ರಣೀತಾ ಪುತ್ತೂರಿಗೆ ಏನೋ ತರಬೇತಿ ಎಂದು ಹೋಗಿದ್ದಳು. ಬಂದ ಮೇಲೆ ಅವಳು ಮೊದಲಿನ ಹಾಗೆ ಇರಲಿಲ್ಲ. ಊಟದ ನಡುವೆ ಕೈ ನಿಲ್ಲಿಸಿ ಎಲ್ಲೋ ನೋಡುತ್ತಿದ್ದಳು.

"ಹಿಟ್ಲರನ ಪಾಠ ಉಂಟಲ್ಲ ಅತ್ತೆ, ಅದಕ್ಕೆ. ಅರವತ್ತು ಲಕ್ಷ ಯಹೂದಿ ಜನರನ್ನು ಕೊಂದರು. ಆದರೆ ಒಂದೇ ದಿನ ಹೋಗಿ ಕೊಂದದ್ದಲ್ಲ. ಮೊದಲು ಕೂರುವ ಬೆಂಚು ಬೇರೆ ಮಾಡಿದ್ರು, ಅಂಗಡಿ ಬೇರೆ ಮಾಡಿದ್ರು, ಮಕ್ಕಳ ಶಾಲೆ ಬೇರೆ ಮಾಡಿದ್ರು. ನಮ್ಮ ಮಕ್ಕಳು ಇಸವಿ ಬಾಯಿಪಾಠ ಮಾಡ್ತಾರೆ, ಪರೀಕ್ಷೆಗೆ ಬರೀತಾರೆ, ಮರೆತುಬಿಡ್ತಾರೆ. ಅದಕ್ಕೆ ಶಾಲೆಯಲ್ಲಿ ಒಂದು ನೆನಪಿನ ದಿನ ಮಾಡುದು ಅಂತ. ಊರಿನವರನ್ನೂ ಕರೆಯುದು. ಅದಕ್ಕೆ ಮೊದಲು ಮಕ್ಕಳು ಅವರವರ ಮನೆಯ ಹಿರಿಯರ ಹತ್ತಿರ ಕೇಳಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಬರಬೇಕು. ನಮ್ಮ ಮನೆಯಲ್ಲಿ ಯಾರನ್ನು ಹೊರಗೆ ಕೂರಿಸ್ತಿದ್ರು, ಎಂತಕ್ಕೆ ಅಂತ."

"ಜರ್ಮನಿಯಲ್ಲಿ ಕೊಂದದ್ದಕ್ಕೆ ಕಾಣಿಯೂರಿನಲ್ಲಿ ಎಂತ ಕೇಳ್ಲಿಕ್ಕುಂಟು?"

"ಅದನ್ನೇ ಕೇಳುದು ಅತ್ತೆ," ಎಂದು ಅವಳು ಪುನಃ ಕಾಲು ಒತ್ತತೊಡಗಿದಳು.

ಆ ರಾತ್ರಿ ಊಟಕ್ಕೆ ಕುಚ್ಚಲಕ್ಕಿ ಗಂಜಿ, ಎಳೆ ಬಿದಿರಿನ ಕಣಿಲೆ ಪಲ್ಯ, ಒಣ ಸಿಗಡಿಯ ಚಟ್ನಿ. ನನ್ನ ಗಂಡ ಉದಯಶಂಕರ ಒಣ ಸಿಗಡಿ ಇದ್ದರೆ ಎರಡು ಸಲ ಗಂಜಿ ಹಾಕಿಸಿಕೊಳ್ಳುವ ಮನುಷ್ಯ. ಸಹಕಾರಿ ಸಂಘದಿಂದ ನಿವೃತ್ತರಾದ ಮೇಲೆ ಅದೇ ಶಾಲೆಯ ಆಡಳಿತ ಮಂಡಳಿಯ ಉಪಾಧ್ಯಕ್ಷರಾಗಿದ್ದಾರೆ. ಆ ಕುರ್ಚಿಯ ಮೇಲೆ ಅವರಿಗೆ ಒಂದಿಷ್ಟು ಪ್ರೀತಿ ಜಾಸ್ತಿಯೇ. ಮಗ ರೂಪೇಶ್ ಸಿಮೆಂಟ್ ಅಂಗಡಿ ಮುಚ್ಚಿ ಆಗಷ್ಟೇ ಬಂದು ಕೂತಿದ್ದ.

ತೃಷಾ ಕೇಳಿದಳು. "ಅಜ್ಜ, ಆಟಿಯಲ್ಲಿ ಚನಿಯನ ಎಲೆ ಮಾತ್ರ ಪೋರ್ಟಿಕೊದಲ್ಲಿ ಹಾಕುದು ಎಂತಕ್ಕೆ?"

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆಟಿ, ಅಂದರೆ ಆಷಾಢದ ಮಳೆಯ ತಿಂಗಳಲ್ಲಿ ಒಂದು ಸಂಜೆ ನಾವು ಮನೆಯ ಸತ್ತವರಿಗೆ ಬಡಿಸುತ್ತೇವೆ. ಮಾವನಿಗೆ, ಅವರ ತಂದೆತಾಯಿಗೆ, ಎಳವೆಯಲ್ಲೇ ಹೋದ ನಾದಿನಿಗೆ, ಹೀಗೆ ಒಬ್ಬೊಬ್ಬರಿಗೆ ಒಂದೊಂದು ಬಾಳೆಎಲೆ, ಮನೆಯೊಳಗೆ ಚಾವಡಿಯಲ್ಲಿ ಸಾಲಾಗಿ. ಕೋಳಿ ಪದಾರ್ಥ, ರೊಟ್ಟಿ, ಅವರವರಿಗೆ ಇಷ್ಟವಿದ್ದದ್ದು. ಯಜಮಾನ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯುತ್ತಾನೆ. ಆಮೇಲೆ ಅವರು ಉಣ್ಣಲಿ ಎಂದು ನಾವೆಲ್ಲ ಹೊರಗೆ ಬಂದು ಬಾಗಿಲು ಎಳೆದುಕೊಳ್ಳುತ್ತೇವೆ. ಒಂದು ಎಲೆ ಮಾತ್ರ ಒಳಗಿಲ್ಲ. ಅದು ಚನಿಯನದ್ದು. ನಾನು ಬರುವ ಮೊದಲೇ ಸತ್ತ ಕೆಲಸದಾಳು. ಹಳೆ ಮನೆಯಿದ್ದಾಗ ಅವನ ಎಲೆ ದನದ ಹಟ್ಟಿಯ ಬದಿಗಿತ್ತು, ತಾರಸಿ ಮನೆ ಕಟ್ಟಿದ ಮೇಲೆ ಪೋರ್ಟಿಕೊಕ್ಕೆ ಬಂತು, ಕಾರಿನ ಪಕ್ಕಕ್ಕೆ. ಮದುಮಗಳಾಗಿ ಬಂದ ವರ್ಷ ಅತ್ತೆ ಹೇಳಿದ್ದು ಇಷ್ಟೇ: ಅವನು ಇನ್ನೂ ಮನೆ ಬಿಟ್ಟು ಹೋಗಿಲ್ಲ ಎಂದು ಜೋಯಿಸರು ಕವಡೆ ಇಟ್ಟು ನೋಡಿದ ಪ್ರಶ್ನೆಯಲ್ಲಿ ಕಂಡಿದೆ, ಅದಕ್ಕೆ ಬಡಿಸುವುದು. ಅದಕ್ಕಿಂತ ಹೆಚ್ಚು ನಾನು ಕೇಳಲಿಲ್ಲ. ನಮ್ಮ ಕಡೆ ಇಂಥ ಎಲೆ ಬೇರೆ ಮನೆಗಳಲ್ಲೂ ಉಂಟು.

"ಪ್ರಶ್ನೆಯಲ್ಲಿ ಬಂದದ್ದು," ಎಂದರು ಇವರು.

"ಹೊರಗೆ ಹಾಕಬೇಕು ಅಂತ ಪ್ರಶ್ನೆಯಲ್ಲಿ ಬಂದದ್ದಾ?"

"ಸುಮ್ಮನೆ ಉಣ್ಣು."

"ಅವರು ಹೇಗೆ ಸತ್ತದ್ದು ಅಜ್ಜ?"

ಇವರು ತಟ್ಟೆಯಲ್ಲಿ ಗಂಜಿ ಇರುವಾಗಲೇ ಕೈ ತೊಳೆದುಬಿಟ್ಟರು. ಚಟ್ನಿ ಹಾಗೇ ಇತ್ತು. ರೂಪೇಶ್ ಹೆಂಡತಿಯ ಕಡೆ ತಿರುಗಿ, "ಶಾಲೆಯ ಪಾಠ ಶಾಲೆಯಲ್ಲೇ ಇರಲಿ ಮಾರಾಯ್ತಿ," ಎಂದ. ಅಲ್ಲಿಯವರೆಗೆ ಸೊಸೆಯ ಮೇಲಿದ್ದ ನನ್ನ ಸಂಶಯ ಆವತ್ತಿನಿಂದ ಗಂಡನ ಮೇಲೂ ಹೋಯಿತು. ಒಣ ಸಿಗಡಿ ಬಿಟ್ಟು ಏಳುವಂಥದ್ದು ಏನಿರಬೇಕು?

ಆಟಿ ಹಿಡಿದ ಮೇಲೆ ಒಂದು ದಿನ ದೀಪ ಹಚ್ಚುವ ಹೊತ್ತು. ತೃಷಾ ಮನೆ ಎದುರಿನ ಸಿಟೌಟಿನಲ್ಲಿ ಕೂತು ಗಟ್ಟಿಯಾಗಿ ಓದುತ್ತಿದ್ದಳು. "ಹಾನಾ. ಯಾಕೋಬ್. ಮಿರಿಯಂ. ಲೇಯಾ, ಆರು ವರ್ಷ." ಯಾರು ಇವರೆಲ್ಲ ಎಂದು ಕೇಳಿದೆ. ಹಿಟ್ಲರನ ಕಾಲದಲ್ಲಿ ಸತ್ತವರು, ಕಾರ್ಯಕ್ರಮದಲ್ಲಿ ಮಕ್ಕಳು ಹೆಸರು ಓದುವುದುಂಟು ಎಂದಳು.

"ಆಟಿ ತಿಂಗಳು, ಮುಸ್ಸಂಜೆ, ಸತ್ತವರನ್ನು ಹೆಸರು ಹಿಡಿದು ಕರೆಯುದಾ? ಬಾಯಿ ಮುಚ್ಚಿ ಒಳಗೆ ಬಾ."

ಒಳಗಿನಿಂದ ಅತ್ತೆ, "ಯಾರನ್ನು ಕರೆಯುದು ಅವಳು?" ಎಂದು ಕೇಳಿದರು. ಬೇಡದ್ದು ಮಾತ್ರ ಅವರ ಕಿವಿಗೆ ಸರಿಯಾಗಿ ಬೀಳುತ್ತದೆ. ತೃಷಾ ಹೋಗಿ ಕಿವಿಯ ಹತ್ತಿರ ಎಲ್ಲವನ್ನೂ ಹೇಳಿದಳು. ಮುತ್ತಜ್ಜಿಯನ್ನು ಅವಳು ಪಿಜ್ಜಿ ಎಂದು ಕರೆಯುವುದು.

"ಕರೆದ ಮೇಲೆ ಬಡಿಸಬೇಕು," ಎಂದರು ಅತ್ತೆ. "ಬಡಿಸ್ಲಿಕ್ಕೆ ಆಗದಿದ್ದರೆ ಕರೆಯಬಾರದು."

"ಅರವತ್ತು ಲಕ್ಷ ಜನ ಪಿಜ್ಜಿ."

"ಅಷ್ಟು ಎಲೆ ಎಲ್ಲಿಂದ ತರುದು ಮಗಾ." ಅತ್ತೆ ಅವಳ ಕೈ ಹಿಡಿದುಕೊಂಡರು. "ಬಡಿಸ್ಲಿಕ್ಕೆ ಅವರ ಮನೆಯವರು ಯಾರೂ ಇಲ್ವಾ?"

"ಮನೆಯವರನ್ನೂ ಕೊಂದಿದ್ದಾರೆ."

ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದರು. ಚಾ ಕೊಟ್ಟರೆ ಬೇಡ ಎಂದರು. ಮರುದಿನ ಬೆಳಿಗ್ಗೆ ಹಾಲು ಒಡೆಯಿತು, ಕುಕ್ಕರಿನ ರಬ್ಬರು ಹರಿಯಿತು. ಕರೆದವರು ಬಂದೇ ಬಿಟ್ಟಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಅಷ್ಟು ಜನಕ್ಕೆ ಬಡಿಸುವುದು ನನ್ನಿಂದಾಗುವ ಕೆಲಸವಲ್ಲ. ಆರು ವರ್ಷದ ಆ ಹುಡುಗಿಗೆ ಮಾತ್ರ, ಯಾರೂ ನೋಡದ ಹಾಗೆ, ಒಂದು ತುಂಡು ಎಲೆಯಲ್ಲಿ ಅವಲಕ್ಕಿ ಬೆಲ್ಲ ಕಲಸಿ ಕಂಪೌಂಡಿನ ಗೋಡೆಯ ಮೇಲೆ ಇಟ್ಟೆ. ನಗಬೇಡಿ. ಕಾಗೆ ಬಂದು ತಿಂದಿತು, ನನ್ನ ಮನಸ್ಸಿಗೂ ಸಮಾಧಾನವಾಯಿತು.

ಅದಾದ ಮೇಲೆ ಅತ್ತೆ ಬದಲಾದರು. ಸಂಜೆಯಾದರೆ ತಾವೇ ಎದ್ದು ದಿಂಬಿಗೆ ಒರಗಿ ಕೂತು ಪ್ರಣೀತಾ ಬರುವುದನ್ನು ಕಾಯುತ್ತಿದ್ದರು. ಈಗ ಕಾಲು ಒತ್ತುವುದೂ ಇಲ್ಲ, ಬರೀ ಮಾತು. ಬಾಗಿಲೂ ಅರ್ಧ ಮುಚ್ಚಿರುತ್ತಿತ್ತು.

ಭಾನುವಾರ ಕಿಟ್ಟಣ್ಣ ಬಂದ. ಅವನೂ ಶಾಲೆಯ ಮಂಡಳಿಯಲ್ಲಿದ್ದಾನೆ. ಕೆಲಸವಿಲ್ಲದೆ ಯಾರ ಮನೆಯ ಮೆಟ್ಟಿಲೂ ಹತ್ತುವವನಲ್ಲ. ಪತ್ರೊಡೆ ಕೊಟ್ಟೆ, ಎರಡು ತುಂಡು ತಿಂದು ಆದ ಮೇಲೆ ಬಾಯಿಬಿಟ್ಟ.

"ಉದಯಣ್ಣ, ಊರಿನಲ್ಲಿ ಮಾತಾಗ್ತಾ ಉಂಟು. ಇದರ ಹಿಂದೆ ಯಾರುಂಟು ಅಂತ ಕೇಳ್ತಾರೆ. ಪುತ್ತೂರಿನ ಆ ತರಬೇತಿ ಮಾಡಿಸಿದ್ದು ಯಾರು? ಇವತ್ತು ಜರ್ಮನಿ ಅಂತಾರೆ, ನಾಳೆ ಯಾರ ಕಡೆ ಬೆರಳು ತೋರಿಸ್ತಾರೆ? ಮಕ್ಕಳನ್ನು ಬಿಟ್ಟು ಮನೆಮನೆಯ ವಿಷಯ ತೆಗೆಸುದು ಎಂತಕ್ಕೆ ಮಾರಾಯ್ರೆ?"

ಪ್ರಣೀತಾ ಚಾ ತಂದು ಅವನ ಮುಂದೆ ಇಟ್ಟಳು. "ನಿಮ್ಮ ಅಣ್ಣನ ಮಗಳು ನಿಮ್ಮ ಮನೆಯಲ್ಲಿ ಎಂತ ಕೇಳಿಕೊಂಡು ಬಂದಿದ್ದಾಳೆ ಅಂತ ಹೇಳಬೇಕಾ ಕಿಟ್ಟಣ್ಣ?"

"ಬೇಡ, ಬೇಡ," ಎಂದು ಕಿಟ್ಟಣ್ಣ ಬಿಸಿ ಚಾವನ್ನೇ ಕುಡಿದು ನಾಲಿಗೆ ಸುಟ್ಟುಕೊಂಡ.

ಅವನ ಸ್ಕೂಟರು ಗೇಟು ದಾಟಿತೋ ಇಲ್ಲವೋ, ಇವರು ಶುರು ಮಾಡಿದರು.

"ಈ ಕಾರ್ಯಕ್ರಮ ಬೇಡ."

"ಹೆಡ್‌ಮಾಸ್ಟರು ಒಪ್ಪಿದ್ದಾರೆ ಮಾವ."

"ನಾನು ಉಪಾಧ್ಯಕ್ಷ."

"ಹಾಗಾದ್ರೆ ಮೀಟಿಂಗ್ ಕರೆಯಿರಿ. ಎಂತಕ್ಕೆ ಬೇಡ ಅಂತ ಅಲ್ಲಿ ಹೇಳಿ."

ಇವರಿಗೆ ಅದು ಆಗದು. ಕಾರಣ ಹೇಳಬೇಕಾಗುತ್ತದಲ್ಲ. ಸ್ವರ ತಗ್ಗಿಸಿ ಹೇಳಿದರು, "ಬೇರೆ ಮಕ್ಕಳು ಎಂತ ಬೇಕಾದ್ರೂ ಹೇಳ್ಲಿ. ಈ ಮನೆಯ ವಿಷಯ ಸ್ಟೇಜಿಗೆ ಹೋಗಬಾರದು. ಹೋದ್ರೆ ಮರುದಿನದಿಂದ ನೀನು ಆ ಶಾಲೆಗೆ ಹೋಗುದು ಬೇಡ. ಬಿಟ್ಟುಬಿಡು."

"ಹೇಳುದು ಅಮ್ಮ ಅಲ್ಲ, ನಾನು," ಎಂದಳು ತೃಷಾ.

"ದೊಡ್ಡವರ ನಡುವೆ ಬಾಯಿ ಹಾಕಬೇಡ," ಎಂದು ರೂಪೇಶ್ ಗದರಿದ. ಆಮೇಲೆ ಅಪ್ಪನ ಕಡೆ ತಿರುಗಿ, "ಅಪ್ಪ, ಕೆಲಸ ಬಿಡು ಅಂತ ಹೇಳುದೂ ಸರಿಯಲ್ಲ," ಎಂದ. ಎರಡೂ ಕಡೆಯಿಂದ ಬೈಸಿಕೊಂಡು ಅಂಗಡಿಗೆ ಹೋದ, ಭಾನುವಾರವಾದರೂ.

ಆ ಶಾಲೆಯೆಂದರೆ ಪ್ರಣೀತಾಳಿಗೆ ಪ್ರಾಣ. ಜ್ವರ ಬಂದರೂ ರಜೆ ಹಾಕಿದವಳಲ್ಲ. ಇನ್ನು ಬಿಡಬೇಕಾಗುತ್ತದೋ ಏನೋ ಎಂಬ ಚಿಂತೆ ಅವಳ ಮುಖದಲ್ಲಿ ಕಾಣುತ್ತಿತ್ತು, ಆದರೆ ಹಿಡಿದದ್ದನ್ನು ಬಿಡಲಿಲ್ಲ. ಬೆಳಿಗ್ಗೆ ಬೇಗ ಎದ್ದು ದೋಸೆ ಎರೆದು, ಪಲ್ಯ ಮಾಡಿಟ್ಟು, ಯಾರೊಂದಿಗೂ ಮಾತಿಲ್ಲದೆ ಹೋಗುತ್ತಿದ್ದಳು. ಇವರು ಅವಳು ಎರೆದ ದೋಸೆ ಮುಟ್ಟುತ್ತಿರಲಿಲ್ಲ. ನಾನು ಬೇರೆ ಎರೆಯಬೇಕು. ಚಾ ಕೂಡ ಎರಡು ಪಾತ್ರೆಯಲ್ಲಿ. ಬೆಂಚು ಬೇರೆ, ಅಂಗಡಿ ಬೇರೆ ಎಂದು ಅವಳು ಹೇಳಿದ್ದು ನೆನಪಾಗಿ ನನಗೆ ರೇಗಿ ಹೋಯಿತು. ನಡುವೆ ಸಾಯುವವಳು ನಾನು. ಒಂದು ದಿನ ತಡೆಯಲಾರದೆ ಅತ್ತೆಯ ಹತ್ತಿರ ಹೋಗಿ ಕೂತೆ.

"ಅತ್ತೆ, ನೀವು ಮಕ್ಕಳಿಗೆ ಎಂತ ಹೇಳಿದ್ದು?"

"ಹೇಳಬೇಕಾದ್ದನ್ನು."

"ನನಗೆ ಹೇಳಬಾರದಾ?"

"ನೀನು ಕೇಳ್ಲಿಲ್ಲ ಅಮ್ಮು," ಎಂದರು ಅತ್ತೆ. "ಇಷ್ಟು ವರ್ಷ ಆ ಎಲೆಗೆ ನೀನೇ ಬಡಿಸಿದ್ದು. ಎಂತಕ್ಕೆ ಅವನು ಹೊರಗೆ ಅಂತ ಒಮ್ಮೆ ಕೇಳಿದ್ದುಂಟಾ? ಆ ಹುಡುಗಿ ಕೇಳಿದಳು."

"ಈಗ ಕೇಳ್ತಾ ಇದ್ದೇನಲ್ಲ."

"ಈಗ ಶಾಲೆಗೆ ಹೋಗಿ ಕೇಳು."

ಹೋದೆ. ಶನಿವಾರ ಮಧ್ಯಾಹ್ನ ಶಾಲೆಯ ಹಾಲ್ ಜನರಿಂದ ತುಂಬಿತ್ತು. ನೆನಪು ಮಾಡಲು ಬಂದವರಿಗಿಂತ ಯಾರ ಮನೆಯದ್ದು ಹೊರಬೀಳುತ್ತದೆ ಎಂದು ನೋಡಲು ಬಂದವರೇ ಹೆಚ್ಚು. ಇವರು ಎದುರು ಸಾಲಿನ ಕುರ್ಚಿಯಲ್ಲಿ, ಪಕ್ಕದಲ್ಲಿ ಕಿಟ್ಟಣ್ಣ. ಗೋಡೆಯ ಮೇಲೆ ಆ ಕಾಲದ ಚಿತ್ರಗಳಿದ್ದವು. ತಲೆ ಬೋಳಿಸಿದ, ಎಲುಬು ಕಾಣುವ ಜನ. ಒಂದು ಚಿತ್ರದಲ್ಲಿ ಬರೀ ಚಪ್ಪಲಿ, ಬೂಟುಗಳ ರಾಶಿ, ಅದರಲ್ಲಿ ಮಕ್ಕಳವೂ ಇದ್ದವು. ನಾನು ಅದರ ಮುಂದೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಮಕ್ಕಳು ಹೆಸರು ಓದಿದರು, ಎಣ್ಣೆಯ ದೀಪ ಹಚ್ಚಿದರು. ಆಮೇಲೆ ಒಬ್ಬೊಬ್ಬರೇ ಬಂದರು. ಪುತ್ತೂರಿನಲ್ಲಿ ಬಾಡಿಗೆಗೆ ಮನೆ ಕೇಳಿದರೆ ಅಪ್ಪನ ಹೆಸರು ಕೇಳಿದ ಕೂಡಲೇ ಮನೆ ಖಾಲಿ ಇಲ್ಲ ಎನ್ನುತ್ತಾರೆ ಎಂದು ಅಫ್ರೀದ್ ಎಂಬ ಹುಡುಗ ಹೇಳಿದ. ಅಫ್ರೀದ್ ತಮ್ಮ ಮನೆಗೆ ಬಂದರೆ ಅಮ್ಮ ಪೇಪರ್ ಗ್ಲಾಸಿನಲ್ಲಿ ಚಾ ಕೊಡುತ್ತಾರೆ, ತಮಗೆಲ್ಲ ಸ್ಟೀಲಿನದ್ದು ಎಂದು ಕಿಟ್ಟಣ್ಣನ ಅಣ್ಣನ ಮಗಳು ಹೇಳಿದಳು. ಕಿಟ್ಟಣ್ಣ ಮೊಬೈಲು ನೋಡತೊಡಗಿದ.

ತೃಷಾ ಬಂದು ಮೈಕಿನ ಎದುರು ನಿಂತಳು.

"ನಮ್ಮ ಮನೆಯಲ್ಲಿ ಚನಿಯ ಎನ್ನುವವರು ಕೆಲಸಕ್ಕಿದ್ದರು. ಅವರಿಗೆ ಗದ್ದೆಯಲ್ಲಿ ಹಾವು ಕಚ್ಚಿತು. ನಮ್ಮಲ್ಲಿ ಆಗ ಜೀಪು ಇತ್ತು. ಮರುದಿನ ದೈವದ ನೇಮೋತ್ಸವ, ದೈವದ ಆಭರಣ, ಆಯುಧಗಳ ಭಂಡಾರವನ್ನು ಆ ಜೀಪಿನಲ್ಲಿ ಕೊಂಡುಹೋಗಬೇಕು ಎಂದು ತೊಳೆದು ಶುದ್ಧ ಮಾಡಿ ಇಟ್ಟಿದ್ದರು. ಚನಿಯ ಅವರನ್ನು ಹತ್ತಿಸಿದರೆ ಜೀಪು ಮೈಲಿಗೆಯಾಗುತ್ತದೆ ಎಂದು ನನ್ನ ಮುತ್ತಜ್ಜ ಹೇಳಿದರು. ಕುರ್ಚಿಗೆ ಬಿದಿರು ಕಟ್ಟಿ ಹೊತ್ತುಕೊಂಡು ಹೋದರು. ಪೇಟೆ ಮುಟ್ಟುವ ಮೊದಲೇ ಅವರು ತೀರಿಹೋದರು. ಈಗ ವರ್ಷಕ್ಕೊಮ್ಮೆ ನಾವು ಅವರಿಗೆ ಬಡಿಸುತ್ತೇವೆ. ಆದರೆ ಅವರ ಎಲೆಯನ್ನು ಇನ್ನೂ ಒಳಗೆ ಹಾಕುವುದಿಲ್ಲ." ಅವಳು ಕೈಯಲ್ಲಿದ್ದ ಚೀಟಿ ಮಡಚಿದಳು. "ಜೀಪಿನ ಕೀ ಯಾರ ಕೈಯಲ್ಲಿತ್ತು ಎಂದು ಪಿಜ್ಜಿ ನನಗೆ ಹೇಳಿದ್ದಾರೆ. ಆ ಹೆಸರನ್ನು ನಾನು ಇಲ್ಲಿ ಹೇಳುವುದಿಲ್ಲ."

ಕಿಟ್ಟಣ್ಣ ತಲೆಯೆತ್ತಿ ಇವರ ಮುಖ ನೋಡಿದ. ಇವರು ತಮ್ಮ ಕೈಗಳನ್ನು ನೋಡುತ್ತಿದ್ದರು. ಇವರ ಹಿಂದಿನ ಸಾಲಿನಲ್ಲೇ ಓರೆಯಾಗಿ ಕೂತಿದ್ದ ನನಗೆ ಅಷ್ಟೇ ಸಾಕಾಯಿತು.

ಮನೆಗೆ ಬಂದೆವು. ಅಂಗಿ ಬಿಚ್ಚಿ ನೇತುಹಾಕುತ್ತಿದ್ದವರ ಹಿಂದೆ ನಿಂತು ಕೇಳಿದೆ.

"ಕೀ ನಿಮ್ಮ ಕೈಯಲ್ಲಿತ್ತಾ?"

"ಆ ವರ್ಷವೇ ಡ್ರೈವಿಂಗ್ ಕಲಿತದ್ದು," ಎಂದರು, ನನ್ನ ಕಡೆ ತಿರುಗದೆ. "ಹದಿನೇಳು ವರ್ಷ ನನಗೆ. ಅವನನ್ನು ಕೂರಿಸಿಕೊಂಡು ಹೋಗುದು ಅಂತ ಕೀ ಹಿಡಿದುಕೊಂಡು ಓಡಿದೆ. ಅಪ್ಪ ಅಡ್ಡ ಬಂದು ಕೈ ಚಾಚಿದ್ರು. ಕೊಟ್ಟುಬಿಟ್ಟ."

"ಯಾರು ಕೊಟ್ಟದ್ದು?"

"ನಾನು. ನಾನೇ ಕೊಟ್ಟದ್ದು ಅಮ್ಮು." ಅವರು ಮಂಚದ ತುದಿಯಲ್ಲಿ ಕೂತರು. "ಮರುದಿನ ಭಂಡಾರ ಇಟ್ಟುಕೊಂಡು ಅದೇ ಜೀಪು ಬಿಟ್ಟದ್ದೂ ನಾನೇ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಡ್ತಾ ಇದ್ದವನು ಅವನು."

ಇಷ್ಟು ವರ್ಷ ಒಂದೇ ಮಂಚದಲ್ಲಿ ಮಲಗಿದ ಮನುಷ್ಯ ಇದನ್ನು ನನ್ನಿಂದ ಮುಚ್ಚಿಟ್ಟರಲ್ಲ ಎಂದು ನನಗೆ ವಿಪರೀತ ಸಿಟ್ಟು ಬಂತು. ಕೂತ ರೀತಿ ನೋಡಿದರೆ ಪಾಪವೂ ಅನಿಸಿತು. ಒಂದು ಲೋಟ ನೀರು ತಂದುಕೊಟ್ಟೆ.

ಸೋಮವಾರ ಬೆಳಿಗ್ಗೆ ಪ್ರಣೀತಾ ಬ್ಯಾಗು ಹಿಡಿದು ಸಿಟೌಟಿನಲ್ಲಿ ಬಂದು ನಿಂತಳು. ಇವರು ಪೇಪರು ಓದುತ್ತಿದ್ದರು. ಬಿಟ್ಟುಬಿಡು ಎಂದು ಹೇಳಿದ್ದವರು ಇವರೇ ತಾನೇ. ಅವಳೇ ಕೇಳಿದಳು, "ನಾನು ಹೋಗ್ಲಾ ಮಾವ?"

"ಬಸ್ಸು ತಪ್ಪುತ್ತದೆ," ಎಂದರು ಇವರು, ಪೇಪರಿನಿಂದ ತಲೆ ಎತ್ತದೆ. ಅವಳು ಓಡಿದಳು. ಅವಳು ಎರೆದಿಟ್ಟ ದೋಸೆಯನ್ನೇ ಆವತ್ತು ಇವರು ತಿಂದರು.

ಮರುದಿನ ನಮ್ಮ ಮನೆಯ ಬಡಿಸುವ ದಿನ. ಪ್ರಣೀತಾ ಅರ್ಧ ದಿನ ರಜೆ ಹಾಕಿ ಮಸಾಲೆ ಕಡೆದಳು, ರೂಪೇಶ್ ಕೋಳಿ ತಂದ, ನಾನು ರೊಟ್ಟಿ ಮಾಡಿದೆ. ಕತ್ತಲಾಗುವ ಹೊತ್ತಿಗೆ ಚಾವಡಿಯಲ್ಲಿ ಎಲೆಗಳ ಸಾಲು ಹಾಕಿ, ಪೋರ್ಟಿಕೊದಲ್ಲಿ ಕಾರಿನ ಪಕ್ಕದಲ್ಲಿ ಒಂದು ಎಲೆ ಹಾಕಿ ಬಂದೆ. ಕೈಗೆ ಅಭ್ಯಾಸ ಆಗಿಬಿಟ್ಟಿದೆ. ಅತ್ತೆ ತಮ್ಮನ್ನು ಚಾವಡಿಗೆ ಕರೆದುಕೊಂಡು ಹೋಗಬೇಕೆಂದು ಹಟ ಹಿಡಿದರು. ಕುರ್ಚಿ ತಂದು ಕೂರಿಸಿದೆವು. ಅವರು ಎಲೆಗಳನ್ನು ಒಂದೊಂದಾಗಿ ನೋಡಿದರು.

"ಚನಿಯನದ್ದು ಎಲ್ಲಿ?"

"ಹೊರಗೆ ಅತ್ತೆ, ಯಾವಾಗಿನ ಹಾಗೆ."

"ಒಳಗೆ ತನ್ನಿ."

ಇವರು ಮೆಲ್ಲಗೆ ಹೇಳಿದರು, "ಅಮ್ಮ, ಅವನನ್ನು ಒಳಗೆ ಕೂರಿಸಿದ್ರೆ ಅಪ್ಪ ಉಣ್ಲಿಕ್ಕಿಲ್ಲ."

"ಉಣ್ಣದಿದ್ರೆ ಹಸಿದುಕೊಂಡು ಹೋಗ್ಲಿ," ಎಂದರು ಅತ್ತೆ. ತಮ್ಮ ಗಂಡನ ಬಗ್ಗೆ ಅವರು ಹಾಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಇನ್ನೊಂದು ಆಟಿಗೋ ಎರಡಕ್ಕೋ ನಾನೂ ಈ ಸಾಲಿನಲ್ಲಿ ಕೂರುವವಳು ಉದಯ. ಅವನು ಹೊರಗೆ ಕೂತದ್ದನ್ನು ನೋಡಿಕೊಂಡು ನನಗೆ ಅನ್ನ ಇಳಿಯುದಿಲ್ಲ. ಆವತ್ತು ನಾನು ಬಾಯಿ ಬಿಡ್ಲಿಲ್ಲ, ನೀನು ಕೀ ಕೊಟ್ಟೆ. ಈಗ ಇಬ್ಬರಲ್ಲಿ ಯಾರಾದ್ರೂ ಅವನನ್ನು ಕರಿಬೇಕಲ್ಲ?"

ಇವರು ಹೊರಗೆ ಹೋದರು. ಎಷ್ಟು ಹೊತ್ತಾದರೂ ಬರದಿದ್ದಾಗ, ಹಾಗೇ ಎಲ್ಲಿಗಾದರೂ ಹೋಗಿಬಿಟ್ಟರೋ ಎಂದು ನನಗೆ ಪುನಃ ಸಂಶಯ. ಆಮೇಲೆ ಎಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದರು. ಮಾವನ ಎಲೆಯ ಪಕ್ಕದಲ್ಲೇ ಅದನ್ನು ಹಾಕಿ, ನನ್ನ ಕೈಯಿಂದ ಸೌಟು ತೆಗೆದುಕೊಂಡು ತಾವೇ ಬಡಿಸಿದರು. ಹೆಸರು ಹಿಡಿದು ಕರೆಯಲು ಶುರು ಮಾಡಿದರು. ಅಜ್ಜ, ಅಜ್ಜಿ, ಅಪ್ಪ, ತಂಗಿ. ಕೊನೆಗೆ ಚನಿಯನ ಎಲೆಯ ಮುಂದೆ ನಿಂತರು. ಬಗ್ಗಿ ಎಲೆಯ ತುದಿ ಸರಿ ಮಾಡಿ, "ಚನಿಯಾ, ಒಳಗೆ ಬಾ," ಎಂದರು.

ನಾವೆಲ್ಲ ಹೊರಗೆ ಬಂದೆವು. ಅತ್ತೆಯನ್ನು ರೂಪೇಶ್ ಹಿಡಿದುಕೊಂಡಿದ್ದ. ಇವರು ಕೊನೆಯಲ್ಲಿ ಬಂದು ಬಾಗಿಲು ಎಳೆಯಲು ಹೊರಟಾಗ ಅತ್ತೆ ಅವರ ತೋಳು ಹಿಡಿದರು.

"ಬಾಗಿಲು ಹಾಕಬೇಡ. ಸ್ವಲ್ಪ ತಡಿ. ಅವನು ಈ ಮನೆಯ ಹೊಸಿಲು ದಾಟಿದವನಲ್ಲ. ಅಲ್ಲೇ ಅಂಗಳದಲ್ಲಿ ನಾಚಿಕೊಂಡು ನಿಂತಿರ್ತಾನೆ. ಬರ್ಲಿಕ್ಕೆ ಅವನಿಗೆ ಹೊತ್ತು ಬೇಕು."

ಇವರು ಬಾಗಿಲನ್ನು ಪೂರ್ತಿ ತೆರೆದು ಹಿಡಿದುಕೊಂಡು ನಿಂತರು. ನಾವು ಮೆಟ್ಟಿಲಿನಿಂದ ಆಚೆ ಈಚೆ ಸರಿದು ದಾರಿ ಬಿಟ್ಟೆವು.